ಪಾದರಸದ ಅಳತೆಗೋಲು ಹಿಡಿದ ಸೀಮೆನ್ಸ್

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಮೂರು ರಾಜ್ಯಗಳ ಜನ ಕಾಣುತ್ತಾರೆ. ಒಂದು ಬಸ್ ಊಟಿಗೆ, ಇನ್ನೊಂದು ವಯನಾಡಿನ ಕಡೆಗೆ, ಮತ್ತೊಂದು ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ. ಎಲ್ಲರ ಕೈಯಲ್ಲೂ ಫೋನ್. ಕೊಂಡಿದ್ದು ಕೇರಳದಲ್ಲಿ, ಸಿಮ್ ತಮಿಳುನಾಡಿನದು, ಟವರ್ ಮೇಲಿನ ಉಪಕರಣ ಯಾವುದೋ ಮೂರನೆಯ ದೇಶದ ಕಂಪನಿಯದು. ಆದರೂ ಮಾತು ಕಡಿಯುವುದಿಲ್ಲ. ಚೆಕ್‌ಪೋಸ್ಟ್ ದಾಟಿದ ಕೂಡಲೇ ಫೋನ್ ಬದಲಿಸಬೇಕು ಎಂದು ಯಾರೂ ಹೇಳುವುದಿಲ್ಲ.

ಈ ಹೊಂದಾಣಿಕೆ ತಾನಾಗಿ ಬಂದದ್ದಲ್ಲ. 1850ರ ಸುಮಾರಿನ ಯುರೋಪಿನಲ್ಲಿ ತಂತಿ ಸಂದೇಶ ದೇಶದ ಗಡಿಗೆ ಬಂದು ನಿಂತುಬಿಡುತ್ತಿತ್ತು. ಈ ಕಡೆಯ ಗುಮಾಸ್ತ ಅದನ್ನು ಕಾಗದದಲ್ಲಿ ಬರೆದು ಆ ಕಡೆಯ ಗುಮಾಸ್ತನ ಕೈಗೆ ಕೊಡಬೇಕು, ಆತ ತನ್ನ ಯಂತ್ರದಲ್ಲಿ ಅದನ್ನೇ ಮತ್ತೆ ಕಳುಹಿಸಬೇಕು. ಯಂತ್ರ ಬೇರೆ, ಸಂಕೇತ ಬೇರೆ, ದರ ಬೇರೆ, ಅಳತೆಯೂ ಬೇರೆ. ಈ ಗಂಟನ್ನು ಬಿಡಿಸಿದವರಲ್ಲಿ ಸರ್ಕಾರಗಳ ಜೊತೆಗೆ ಒಬ್ಬ ಕಾರ್ಖಾನೆಯ ಒಡೆಯರೂ ಇದ್ದರು. ಅವರೇ ಜರ್ಮನಿಯ ವರ್ನರ್ ಸೀಮೆನ್ಸ್. ಮೋಟಾರುಗಳ ಮೇಲೆ, ಸ್ವಿಚ್‌ಗಳ ಮೇಲೆ ಆ ಹೆಸರನ್ನು ನಾವು ಓದಿದ್ದೇವೆ. ಹೆಸರಿನ ಹಿಂದಿನ ಮನುಷ್ಯನ ಕತೆ ಗೊತ್ತಿರುವುದು ಕಡಿಮೆ.

ವರ್ನರ್ 1816ರ ಡಿಸೆಂಬರ್ 13ರಂದು ಹ್ಯಾನೋವರ್ ಬಳಿಯ ಲೆಂಥೆ ಎಂಬಲ್ಲಿ ಹುಟ್ಟಿದರು. ತಂದೆ ಗುತ್ತಿಗೆ ಜಮೀನು ಮಾಡುತ್ತಿದ್ದ ರೈತ. ಹದಿನಾಲ್ಕು ಮಕ್ಕಳಲ್ಲಿ ಇವರು ನಾಲ್ಕನೆಯವರು. ಎಂಜಿನಿಯರಿಂಗ್ ಓದುವ ಆಸೆ ಇತ್ತು, ಶುಲ್ಕ ಕಟ್ಟುವ ಶಕ್ತಿ ಮನೆಗೆ ಇರಲಿಲ್ಲ. ಹಾಗಾಗಿ ಪ್ರಷ್ಯಾದ ಸೈನ್ಯ ಸೇರಿದರು. ಬರ್ಲಿನ್ನಿನ ಸೈನಿಕ ಶಾಲೆಯಲ್ಲಿ ಮೂರು ವರ್ಷ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರವನ್ನು ಖರ್ಚಿಲ್ಲದೆ ಕಲಿತರು. 1839ರಲ್ಲಿ ತಾಯಿ, ಮರುವರ್ಷ ತಂದೆ ತೀರಿಕೊಂಡರು. ಚಿಕ್ಕ ತಮ್ಮ ತಂಗಿಯರ ಹೊಣೆ ಇಪ್ಪತ್ತಮೂರರ ಯುವಕನ ಹೆಗಲಿಗೆ ಬಿತ್ತು.

ಸೈನ್ಯದ ಸಂಬಳ ಆ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಗೆಳೆಯನೊಬ್ಬನ ದ್ವಂದ್ವಯುದ್ಧಕ್ಕೆ ಬೆಂಬಲಿಗನಾಗಿ ಹೋದ ತಪ್ಪಿಗೆ ಮ್ಯಾಗ್ಡೆಬರ್ಗ್ ಕೋಟೆಯಲ್ಲಿ ಸೆರೆವಾಸವೂ ಆಯಿತು. ಆ ಕೋಣೆಯೊಳಗೇ ಅವರು ಸಣ್ಣ ಪ್ರಯೋಗಾಲಯ ಮಾಡಿಕೊಂಡು, ವಿದ್ಯುತ್ ಬಳಸಿ ಲೋಹಕ್ಕೆ ಚಿನ್ನದ ಲೇಪ ಕೊಡುವ ವಿಧಾನವನ್ನು ಸಾಧಿಸಿದರು. ತಮ್ಮ ವಿಲ್ಹೆಲ್ಮ್ ಆ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಮಾರಿ ಬಂದಾಗ ಮನೆಗೆ ಮೊದಲ ದೊಡ್ಡ ಹಣ ಬಂತು.

1847ರಲ್ಲಿ ವರ್ನರ್, ಮೆಕ್ಯಾನಿಕ್ ಯೋಹಾನ್ ಗಿಯೋರ್ಗ್ ಹಾಲ್ಸ್‌ಕೆ ಅವರೊಂದಿಗೆ ಸೇರಿ ಬರ್ಲಿನ್ನಿನ ಒಂದು ಮನೆಯ ಹಿತ್ತಲಲ್ಲಿ ಟೆಲಿಗ್ರಾಫ್ ಕಾರ್ಯಾಗಾರ ತೆರೆದರು. ಬಂಡವಾಳ ಕೊಟ್ಟವರು ಸೋದರ ಸಂಬಂಧಿ. ಆಗ್ನೇಯ ಏಷ್ಯಾದ ಮರದ ಅಂಟಾದ ಗಟ್ಟಾಪರ್ಚಾವನ್ನು ತಂತಿಯ ಸುತ್ತ ಒಡಕಿಲ್ಲದಂತೆ ಹೊದಿಸುವ ಯಂತ್ರವನ್ನು ಇವರೇ ರೂಪಿಸಿದ್ದರು. 1849ರ ಹೊತ್ತಿಗೆ ಬರ್ಲಿನ್ನಿನಿಂದ ಫ್ರಾಂಕ್‌ಫರ್ಟ್‌ವರೆಗೆ ಸುಮಾರು 500 ಕಿ.ಮೀ. ತಂತಿ ಹರಿಯಿತು.

ಅಲ್ಲೇ ಪೆಟ್ಟೂ ಬಿತ್ತು. ಆತುರದಲ್ಲಿ ಕಡಿಮೆ ಆಳದಲ್ಲಿ ಹೂತ ತಂತಿಗಳು ಒಂದೊಂದಾಗಿ ಕೆಟ್ಟವು. ಇಲಿಗಳೂ ಹೊದಿಕೆಯನ್ನು ಕಡಿದವು. ತಪ್ಪು ಯಾರದೆಂಬ ಜಗಳದಲ್ಲಿ ಪ್ರಷ್ಯಾದ ಟೆಲಿಗ್ರಾಫ್ ಇಲಾಖೆ 1851ರಲ್ಲಿ ಕಂಪನಿಗೆ ಕೆಲಸ ಕೊಡುವುದನ್ನೇ ನಿಲ್ಲಿಸಿತು. ಕಂಪನಿಯನ್ನು ಉಳಿಸಿದ್ದು ರಷ್ಯಾದ ಗುತ್ತಿಗೆ. ಆದರೆ ನೆಲದಡಿ ಕೆಟ್ಟ ತಂತಿ ಅವರ ತಲೆಯಲ್ಲಿ ಒಂದು ಪ್ರಶ್ನೆ ಬಿಟ್ಟುಹೋಯಿತು: ಎಲ್ಲಿ ಕೆಟ್ಟಿದೆ ಎಂದು ಅಗೆಯದೆ ತಿಳಿಯುವುದು ಹೇಗೆ?

ಉತ್ತರ ನಮ್ಮ ಐಟಿಐ ಲ್ಯಾಬಿನಲ್ಲಿ ಇಂದಿಗೂ ಕಲಿಸುವಂಥದ್ದೇ. ಒಂದು ಕಿ.ಮೀ. ತಂತಿಯ ರೋಧ ಎಷ್ಟೆಂದು ಗೊತ್ತಿದ್ದರೆ, ಒಂದು ತುದಿಯಿಂದ ಅಳೆದು ದೋಷ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಬಹುದು. ತೊಡಕು ಇದ್ದದ್ದು ಏಕಮಾನದಲ್ಲಿ. ಒಬ್ಬರು ತಾಮ್ರದ ತುಂಡನ್ನು ಅಳತೆಯಾಗಿ ಇಟ್ಟುಕೊಂಡರೆ ಇನ್ನೊಬ್ಬರು ಒಂದು ಮೈಲಿ ಕಬ್ಬಿಣದ ತಂತಿಯನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ತಾಮ್ರದ ಶುದ್ಧತೆ ಬದಲಾದರೆ ಅಳತೆಯೂ ಬದಲಾಗುತ್ತಿತ್ತು. ಹಿಂದೆ ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸಮ ಇಲ್ಲದೆ ಸಂತೆಯಲ್ಲಿ ಜಗಳವಾಗುತ್ತಿತ್ತಲ್ಲ, ಹಾಗೆ.

1859ರಲ್ಲಿ ಭಾರತಕ್ಕೆ ತಂತಿ ತರುವ ಕೆಂಪು ಸಮುದ್ರದ ಕೇಬಲ್ ಹಾಕುವಾಗ ಅದರ ವಿದ್ಯುತ್ ಪರೀಕ್ಷೆಗೆ ಸೀಮೆನ್ಸ್ ಹೋಗಿದ್ದರು. ಹಿಂದಿರುಗುವಾಗ ಹಡಗು ಬಂಡೆಗೆ ಬಡಿದು, ಬಿಸಿಲು ಸುಡುವ ಬರಡು ದ್ವೀಪದಲ್ಲಿ ಕೆಲವು ದಿನ ಕಳೆಯಬೇಕಾಯಿತು. ಕೇಬಲ್ ಕೂಡ ಬಹುಕಾಲ ಬಾಳಲಿಲ್ಲ. ಮರುವರ್ಷ, 1860ರಲ್ಲಿ, ಅವರು ಎಲ್ಲರೂ ಒಪ್ಪಬಹುದಾದ ಅಳತೆಯನ್ನು ಮುಂದಿಟ್ಟರು. ಒಂದು ಮೀಟರ್ ಉದ್ದ, ಒಂದು ಚದರ ಮಿ.ಮೀ. ಅಡ್ಡಕೊಯ್ತದ ಪಾದರಸದ ಕಂಬ. ತಾಪ ಸೊನ್ನೆ ಡಿಗ್ರಿ ಸೆಲ್ಸಿಯಸ್. ಅದರ ರೋಧವೇ ಒಂದು ಏಕಮಾನ. ಪಾದರಸ ದ್ರವ, ಅದನ್ನು ಚೆನ್ನಾಗಿ ಶುದ್ಧಮಾಡಬಹುದು. ತಂತಿಯ ಹಾಗೆ ಎಳೆದಾಗ, ಬಗ್ಗಿಸಿದಾಗ ಗುಣ ಬದಲಾಗುವ ಭಯವಿಲ್ಲ. ಮುಖ್ಯವಾಗಿ, ಬರ್ಲಿನ್ನಿನಿಂದ ಮಾದರಿ ತರಿಸದೆ ಯಾವ ದೇಶದ ಲ್ಯಾಬಿನಲ್ಲಾದರೂ ಅದನ್ನು ಮತ್ತೆ ಮಾಡಿಕೊಳ್ಳಬಹುದಿತ್ತು.

ಅದೇ ಕಾಲಕ್ಕೆ ದೇಶಗಳೂ ಒಂದೆಡೆ ಸೇರುತ್ತಿದ್ದವು. 1865ರ ಮೇ 17ರಂದು ಪ್ಯಾರಿಸ್‌ನಲ್ಲಿ 20 ದೇಶಗಳು ಅಂತಾರಾಷ್ಟ್ರೀಯ ಟೆಲಿಗ್ರಾಫ್ ಒಕ್ಕೂಟಕ್ಕೆ ಸಹಿ ಹಾಕಿದವು. ಇಂದಿನ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಅದೇ. ಬ್ರಿಟನ್ನಿಗೆ ಅಲ್ಲಿ ಜಾಗವಿರಲಿಲ್ಲ. ಅಲ್ಲಿನ ತಂತಿಗಳೆಲ್ಲ ಖಾಸಗಿ ಕಂಪನಿಗಳ ಕೈಯಲ್ಲಿದ್ದವು. 1868ರ ವಿಯೆನ್ನಾ ಸಮ್ಮೇಳನ ಸೀಮೆನ್ಸ್‌ರ ಪಾದರಸದ ಏಕಮಾನವನ್ನು ಟೆಲಿಗ್ರಾಫ್ ಕೆಲಸಕ್ಕೆ ಒಪ್ಪಿಕೊಂಡಿತು. ಒಂದು ಕಂಪನಿಯ ಕಾರ್ಯಾಗಾರದ ಅಳತೆ ದೇಶಗಳ ಅಳತೆಯಾಯಿತು. 1871ರ ಕೊನೆಯಲ್ಲಿ ರೋಮ್‌ನಲ್ಲಿ ಶುರುವಾದ ಸಮ್ಮೇಳನದಲ್ಲಿ ಖಾಸಗಿ ಕಂಪನಿಗಳಿಗೆ ಕೂರುವ, ಮಾತಾಡುವ ಅವಕಾಶ ಸಿಕ್ಕಿತು. ಮತ ಹಾಕುವ ಹಕ್ಕು ಮಾತ್ರ ಇರಲಿಲ್ಲ.

ಒಪ್ಪಿದ ನಿಯಮಗಳ ಲಾಭ ಏನೆಂದು ತೋರಿಸಿದ್ದು ಭಾರತದ ದಾರಿ. ಅಲ್ಲಿಯವರೆಗೆ ಲಂಡನ್ನಿನ ಸಂದೇಶ ಹಲವು ದೇಶಗಳ ಗುಮಾಸ್ತರ ಕೈ ದಾಟಿ, ದಿನಗಟ್ಟಲೆ ತಡವಾಗಿ, ಅಕ್ಷರ ತಪ್ಪಿ ಇಲ್ಲಿಗೆ ಬರುತ್ತಿತ್ತು. ಸೀಮೆನ್ಸ್ ಸಹೋದರರು ಪ್ರಷ್ಯಾ, ರಷ್ಯಾ, ಪರ್ಷಿಯಾ ಸರ್ಕಾರಗಳ ಅನುಮತಿ ಪಡೆದು ಟೆಹರಾನ್‌ವರೆಗೆ ಒಂದೇ ಪದ್ಧತಿಯ ಮಾರ್ಗ ಕಟ್ಟಿದರು. ಅಲ್ಲಿಂದ ಮುಂದೆ ಭಾರತ ಸರ್ಕಾರದ ತಂತಿ ಇತ್ತು. ಲಂಡನ್ನಿನಿಂದ ಕಲ್ಕತ್ತಕ್ಕೆ ಒಟ್ಟು ಸುಮಾರು 11,000 ಕಿ.ಮೀ. 1870ರ ಏಪ್ರಿಲ್ 12ರ ಪ್ರದರ್ಶನದಲ್ಲಿ ಸಂದೇಶ 28 ನಿಮಿಷದಲ್ಲಿ ಕಲ್ಕತ್ತ ಮುಟ್ಟಿತು. ಆ ಮಾರ್ಗ 1931ರವರೆಗೆ ಕೆಲಸ ಮಾಡಿತು.

ಇದೆಲ್ಲ ಬರೀ ಲೋಕಸೇವೆ ಎಂದು ಬರೆದರೆ ತಪ್ಪಾಗುತ್ತದೆ. ಸೀಮೆನ್ಸ್ ಕಂಪನಿ ರೋಧ ಅಳೆಯುವ ಪೆಟ್ಟಿಗೆಗಳನ್ನು ತಾನೇ ಮಾಡಿ ಮಾರುತ್ತಿತ್ತು. ತನ್ನ ಏಕಮಾನ ಗೆದ್ದರೆ ತನ್ನ ಸರಕಿಗೂ ಅನುಕೂಲ. ಇತ್ತ ಬ್ರಿಟನ್ನಿನಲ್ಲಿ ವಿಲಿಯಂ ಥಾಮ್ಸನ್, ಮ್ಯಾಕ್ಸ್‌ವೆಲ್ ಇದ್ದ ಸಮಿತಿ ಬೇರೆಯದೇ ದಾರಿ ಹಿಡಿದಿತ್ತು. ರೋಧವನ್ನು ಉದ್ದ, ರಾಶಿ, ಕಾಲದ ಮೂಲಮಾನಗಳಿಂದಲೇ ಪಡೆಯಬೇಕು, ಯಾವುದೋ ಒಂದು ವಸ್ತುವಿನಿಂದ ಅಲ್ಲ ಎಂಬುದು ಅವರ ವಾದ. ವರ್ಷಗಟ್ಟಲೆ ಜಟಾಪಟಿ ನಡೆಯಿತು. 1881ರಲ್ಲಿ ಪ್ಯಾರಿಸ್‌ನ ವಿದ್ಯುತ್ ಸಮ್ಮೇಳನ ತೀರ್ಪು ಕೊಟ್ಟಿತು: ವ್ಯಾಖ್ಯೆ ಬ್ರಿಟಿಷರ ಓಮ್, ಆದರೆ ಅದನ್ನು ಮಾಡಿ ತೋರಿಸುವುದು ಒಂದು ಚದರ ಮಿ.ಮೀ. ಪಾದರಸದ ಕಂಬದಲ್ಲೇ. 1884ರಲ್ಲಿ ಕಂಬದ ಉದ್ದ 106 ಸೆಂ.ಮೀ. ಎಂದು ಗೊತ್ತಾಯಿತು.

ಸಭೆಯಲ್ಲಿ ಸೀಮೆನ್ಸ್ ಇದ್ದರು. ಇಪ್ಪತ್ತು ವರ್ಷ ಹೊತ್ತು ತಿರುಗಿದ ಏಕಮಾನ ಕೈತಪ್ಪಿದ್ದು ಅವರಿಗೆ ನೋವಾಗಿತ್ತು. ಆತ್ಮಕಥೆಯಲ್ಲಿ ಅದನ್ನು ಮುಚ್ಚಿಡಲಿಲ್ಲ. ಆದರೂ ಒಪ್ಪಿಕೊಂಡರು. ಅಷ್ಟಕ್ಕೇ ಬಿಡದೆ, ಅಳತೆಯ ಕೆಲಸ ಯಾವ ಕಂಪನಿಯ ಕೈಯಲ್ಲೂ ಇರದೆ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿರಬೇಕೆಂದು ಬರ್ಲಿನ್ ಬಳಿಯ ತಮ್ಮ ಜಾಗವನ್ನೇ ಸರ್ಕಾರಕ್ಕೆ ಕೊಟ್ಟರು. 1887ರಲ್ಲಿ ಅಲ್ಲಿ ಜರ್ಮನಿಯ ರಾಷ್ಟ್ರೀಯ ಅಳತೆ ಸಂಸ್ಥೆ ಶುರುವಾಯಿತು. ಹೆಲ್ಮ್‌ಹೋಲ್ಟ್ಸ್ ಅದರ ಮೊದಲ ಅಧ್ಯಕ್ಷರು.

1892ರ ಡಿಸೆಂಬರ್ 6ರಂದು ವರ್ನರ್ ಸೀಮೆನ್ಸ್ ಬರ್ಲಿನ್ನಿನಲ್ಲಿ ತೀರಿಕೊಂಡರು. 1971ರಲ್ಲಿ ವಿದ್ಯುತ್ ವಾಹಕತೆಯ ಅಂತಾರಾಷ್ಟ್ರೀಯ ಏಕಮಾನಕ್ಕೆ ಅವರ ಹೆಸರಿಟ್ಟರು. ವಾಹಕತೆ ಎಂದರೆ ರೋಧದ ವಿಲೋಮ. ಸೋತ ಅಳತೆಯ ಒಡೆಯನ ಹೆಸರು ಗೆದ್ದ ಓಮ್‌ನ ತಲೆಕೆಳಗಾಗಿ ಕೂತಿದೆ!

ಈ ಕತೆಯಲ್ಲಿ ನಮಗೆ ಏನಿದೆ? ಭಾರತ 1869ರಲ್ಲೇ ಆ ಒಕ್ಕೂಟದ ಸದಸ್ಯ, ಆದರೆ ನಮ್ಮ ಹೆಸರಿನ ಕುರ್ಚಿಯಲ್ಲಿ ಕೂತವರು ಬ್ರಿಟಿಷ್ ಆಡಳಿತದವರು. ಇಂದು ಐಟಿಯುನಲ್ಲಿ ಮತ ದೇಶಗಳದ್ದು, ಕರಡು ಬರೆಯುವ ಕೆಲಸದಲ್ಲಿ ದೊಡ್ಡ ಪಾಲು ಕಂಪನಿಗಳ ಎಂಜಿನಿಯರುಗಳದ್ದು. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿ ಕೂಟದಲ್ಲಿ ಭಾರತದ ಟಿಎಸ್‌ಡಿಎಸ್‌ಐ ಕೂಡ ಪಾಲುದಾರ. ನಮ್ಮ ಹಳ್ಳಿಗಳಲ್ಲಿ ಟವರ್‌ಗಳು ದೂರ ದೂರ ಇರುತ್ತವೆ, 5ಜಿ ಮಾನದಂಡದಲ್ಲಿ ಅದಕ್ಕೂ ಜಾಗ ಬೇಕು ಎಂದು ಭಾರತದವರು ವಾದಿಸಿದರು. ಟವರ್‌ನಿಂದ ಟವರ್‌ಗೆ 6 ಕಿ.ಮೀ. ಅಂತರವಿರುವ ಗ್ರಾಮೀಣ ಸನ್ನಿವೇಶವನ್ನು ಐಟಿಯು ಪರೀಕ್ಷೆಗೆ ಸೇರಿಸಿತು. 5ಜಿಐ ಎಂಬ ಹೆಸರಿನಲ್ಲಿ ಬಂದ ಭಾರತದ ಪದ್ಧತಿ ಬಳಿಕ 3ಜಿಪಿಪಿಯ ಜಾಗತಿಕ ಮಾನದಂಡದಲ್ಲಿ ವಿಲೀನವಾಯಿತು. ಸೀಮೆನ್ಸ್‌ರ ಪಾದರಸದ ಹಾಗೆ, ಹೆಸರು ಹೋದರೂ ಕೆಲಸ ಉಳಿಯಿತು.

ಬಂಡೀಪುರದ ಅಂಚಿನ ಹಳ್ಳಿಯಲ್ಲಿ ಸಿಗ್ನಲ್ ಹುಡುಕಿ ದಿಬ್ಬ ಹತ್ತುವ ಕಷ್ಟ ಜಿನೀವಾದ ಸಭೆಯಲ್ಲಿ ಕೂತವರಿಗೆ ತಾನಾಗಿ ತಿಳಿಯುವುದಿಲ್ಲ. ಅದನ್ನು ಅಳೆದು, ಅಂಕಿಯಾಗಿಸಿ, ಮೇಜಿನ ಮೇಲೆ ಇಡುವವರು ಬೇಕು. ಚಾಮರಾಜನಗರದ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ತರಗತಿಗಳಿಂದ ಹೊರಬಂದು ಕೆಲಸ ಹುಡುಕುತ್ತಿರುವ ನಾವು ಟೆಸ್ಟಿಂಗ್, ಅಳತೆ, ಮಾನದಂಡ ಎಂಬ ಪದಗಳನ್ನು ಪರೀಕ್ಷೆಗೆ ಓದಿ ಮರೆಯುತ್ತೇವೆ. ಶುಲ್ಕ ಕಟ್ಟಲಾಗದ ರೈತನ ಮಗ, ನೆಲದಡಿ ಕೆಟ್ಟ ತಂತಿಯಿಂದ ಶುರುಮಾಡಿ ದೇಶಗಳ ಸಭೆಯವರೆಗೆ ಹೋದದ್ದು ಅದೇ ಪದಗಳನ್ನು ಹಿಡಿದು. ನಾಳೆ ಲ್ಯಾಬಿನಲ್ಲಿ ಮಲ್ಟಿಮೀಟರ್ ಹಿಡಿದಾಗ ಪರದೆಯ ಮೇಲಿನ ಓಮ್ ಗುರುತನ್ನು ಒಮ್ಮೆ ನಿಂತು ನೋಡೋಣ. ಅದನ್ನು ಯಾರೋ ಕೂತು, ಜಗಳವಾಡಿ, ಒಪ್ಪಿ ತೀರ್ಮಾನಿಸಿದ್ದರು. ಮುಂದಿನ ತೀರ್ಮಾನದ ಹೊತ್ತಿಗೆ ನಮ್ಮ ಕಡೆಯವರೊಬ್ಬರು ಆ ಕೋಣೆಯಲ್ಲಿ ಇರಲಿ.