ದಫ್ತರಗಳಲ್ಲಿ ನಾಡಿನ ಚರಿತ್ರೆಯನ್ನು ಕಂಡ ಎರಿಕ್ ವಿಲಿಯಮ್ಸ್

ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪವು ಕ್ರಿಕೆಟ್ ಆಟದ ಮೂಲಕ ನಮ್ಮವರಿಗೆ ಪರಿಚಿತವಾದ ನಾಡು. ಆಫ್ರಿಕದಿಂದ ತಂದ ಗುಲಾಮರು ಅಲ್ಲಿಯ ಕಬ್ಬಿನ ತೋಟಗಳಲ್ಲಿ ದುಡಿದರು. ಗುಲಾಮಗಿರಿ ಅಳಿದ ಮೇಲೆ, 1845ರಿಂದ ಭಾರತದ ಕರಾರು ಕೂಲಿಗಳೂ ಅಲ್ಲಿಗೆ ಹೋಗಿ ಬೆವರು ಸುರಿಸಿದರು. ಆ ನಾಡಿನ ಪ್ರಥಮ ಪ್ರಧಾನಮಂತ್ರಿಯಾದ ಡಾ. ಎರಿಕ್ ವಿಲಿಯಮ್ಸ್ ಮೂಲತಃ ಚರಿತ್ರೆಯ ವಿದ್ವಾಂಸರು.

ಅವರು ಜನಿಸಿದುದು 1911ರ ಸೆಪ್ಟೆಂಬರ್ 25ರಂದು, ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ. ತಂದೆ ಅಂಚೆ ಇಲಾಖೆಯ ಗುಮಾಸ್ತರು; ಮನೆಯಲ್ಲಿ ಹನ್ನೆರಡು ಮಕ್ಕಳು; ಎರಿಕ್ ಹಿರಿಯವರು. ಕ್ವೀನ್ಸ್ ರಾಯಲ್ ಕಾಲೇಜಿನಲ್ಲಿ ಕಲಿಯುವಾಗ ಕಾಲ್ಚೆಂಡಾಟದಲ್ಲಾದ ಪೆಟ್ಟು ಅವರ ಶ್ರವಣಶಕ್ತಿಯನ್ನು ಕುಂದಿಸಿತು. ಆದರೂ ವ್ಯಾಸಂಗ ಕುಂಠಿತವಾಗಲಿಲ್ಲ. 1931ರಲ್ಲಿ ವಿದ್ಯಾರ್ಥಿವೇತನ ಗಳಿಸಿ ಆಕ್ಸ್‌ಫರ್ಡಿಗೆ ಹೋಗುವ ಅರ್ಹತೆ ಪಡೆದರು. 1935ರಲ್ಲಿ ಚರಿತ್ರೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು.

ಗುಲಾಮರ ಬಿಡುಗಡೆಯು ಆಂಗ್ಲರ ದಯಾಗುಣದ ಫಲವೆಂಬುದು ಆ ಕಾಲದ ಚರಿತ್ರಕಾರರ ಪ್ರಬಲ ಅಭಿಪ್ರಾಯವಾಗಿತ್ತು. ದಯೆಯೊಂದೇ ಕಾರಣವೇ ಎಂಬ ಪ್ರಶ್ನೆಯನ್ನು ವಿಲಿಯಮ್ಸ್ ಕೈಗೆತ್ತಿಕೊಂಡರು. ಲಂಡನ್ನಿನ ಪಬ್ಲಿಕ್ ರೆಕಾರ್ಡ್ ಆಫೀಸ್ ಮತ್ತು ಬ್ರಿಟಿಷ್ ಮ್ಯೂಸಿಯಂಗಳಲ್ಲಿ ಕುಳಿತು ವಸಾಹತು ಕಚೇರಿಯ ಪತ್ರವ್ಯವಹಾರ, ಮಂತ್ರಿಗಳ ಖಾಸಗಿ ಕಾಗದಪತ್ರ, ವ್ಯಾಪಾರದ ಲೆಕ್ಕಪತ್ರಗಳನ್ನು ಸಹನೆಯಿಂದ ಶೋಧಿಸಿದರು. ಗುಲಾಮರ ದುಡಿಮೆಯ ಲಾಭವು ಬ್ರಿಟನ್ನಿನ ಕೈಗಾರಿಕೆಗೆ ಪುಷ್ಟಿ ನೀಡಿತೆಂದೂ, 1783ರಲ್ಲಿ ಅಮೆರಿಕದ ಸಂಸ್ಥಾನಗಳು ಕೈಬಿಟ್ಟ ಬಳಿಕ ಸಕ್ಕರೆ ದ್ವೀಪಗಳ ಬೆಲೆ ಇಳಿಯುತ್ತ ಬಂದುದರಿಂದಲೇ ವಿಮೋಚನೆಯ ಹಾದಿ ಸುಗಮವಾಯಿತೆಂದೂ ಅವರು ವಾದಿಸಿದರು. 1833ರ ಶಾಸನವು ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ವಿಧಿಸಿತ್ತು. ಬಿಡುಗಡೆಗೊಂಡವರಿಗೆ ಬಿಡಿಗಾಸೂ ಇರಲಿಲ್ಲ. ಆದರೂ ಕ್ಲಾರ್ಕ್‌ಸನ್‌ರಂತಹ ಸತ್ಪುರುಷರ ನಿಸ್ವಾರ್ಥ ಸೇವೆಯನ್ನು ಅವರು ಅಲ್ಲಗಳೆಯಲಿಲ್ಲ.

1938ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಗ್ರಂಥಕ್ಕೆ ಮಾತ್ರ ಇಂಗ್ಲೆಂಡಿನಲ್ಲಿ ಪ್ರಕಾಶಕರು ದೊರೆಯಲಿಲ್ಲ. 1939ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಅಧ್ಯಾಪಕರಾದ ಅವರು ಅದನ್ನು ವಿಸ್ತರಿಸಿ ಬರೆದರು. ‘ಕ್ಯಾಪಿಟಲಿಸಂ ಅಂಡ್ ಸ್ಲೇವರಿ’ ಎಂಬ ಹೆಸರಿನಿಂದ ಅದು 1944ರಲ್ಲಿ ಅಮೆರಿಕದಲ್ಲಿ ಬೆಳಕು ಕಂಡಿತು. ಬ್ರಿಟನ್ನಿನಲ್ಲಿ ಅಚ್ಚಾಗಲು 1964ರವರೆಗೆ ಕಾಯಬೇಕಾಯಿತು. ಅವರ ಕೆಲವು ತೀರ್ಮಾನಗಳನ್ನು ನಂತರದ ವಿದ್ವಾಂಸರು ಅಂಕಿಅಂಶಗಳ ಬಲದಿಂದ ಪ್ರಶ್ನಿಸಿದ್ದುಂಟು. ಆದರೆ ಅವರು ಎತ್ತಿದ ಪ್ರಶ್ನೆಯನ್ನು ಬದಿಗೊತ್ತಿ ಆ ವಿಷಯವನ್ನು ಅಭ್ಯಸಿಸುವುದು ಇಂದಿಗೂ ಅಸಾಧ್ಯ.

ಸಂಶೋಧನೆಯು ಪಂಡಿತರ ಸೊತ್ತಾಗಿಯೇ ಉಳಿಯಬಾರದೆಂಬುದು ಅವರ ನಿಲುವು. ಲಂಡನ್ನಿನ ದಾಖಲೆಗಳಿಂದ ಆಯ್ದ ಪತ್ರಗಳ ಸಂಕಲನವೊಂದನ್ನು 1952ರಲ್ಲಿ ಟ್ರಿನಿಡಾಡಿನಲ್ಲಿಯೇ ಪ್ರಕಟಿಸಿದರು. 1955ರಲ್ಲಿ ರಾಜಧಾನಿಯ ವುಡ್‌ಫರ್ಡ್ ಚೌಕದ ಬಯಲಿನಲ್ಲಿ ಉಪನ್ಯಾಸಗಳನ್ನಾರಂಭಿಸಿದಾಗ ಶ್ರೀಸಾಮಾನ್ಯರು ಸಾವಿರಾರು ಸಂಖ್ಯೆಯಲ್ಲಿ ನೆರೆದು ತಮ್ಮದೇ ಪೂರ್ವಜರ ಕಥೆಯನ್ನು ಕೇಳಿದರು. 1956ರ ಚುನಾವಣೆಯಲ್ಲಿ ಅವರ ಪಕ್ಷ ಅಧಿಕಾರಕ್ಕೆ ಬಂದಿತು. ಪ್ರೌಢಶಿಕ್ಷಣವು ಶುಲ್ಕರಹಿತವಾಯಿತು; 1960ರಲ್ಲಿ ಧಾರ್ಮಿಕ ಸಂಸ್ಥೆಗಳ ಶಾಲೆಗಳೊಡನೆ ಒಪ್ಪಂದವೇರ್ಪಟ್ಟು, ಅವುಗಳ ಒಡೆತನಕ್ಕೆ ಧಕ್ಕೆಯಾಗದಂತೆ, ಶೇಕಡಾ 80ರಷ್ಟು ಸ್ಥಾನಗಳು ಸಾಮಾನ್ಯ ಪ್ರವೇಶಪರೀಕ್ಷೆಯ ಮೂಲಕ ಬಡವರ ಮಕ್ಕಳಿಗೂ ತೆರೆದುಕೊಂಡವು.

1962ರ ಆಗಸ್ಟ್ 31ರಂದು ದೇಶ ಸ್ವತಂತ್ರವಾಯಿತು. ಆ ಸುದಿನಕ್ಕೆ ಜನರ ಕೈಯಲ್ಲಿ ತಮ್ಮ ಚರಿತ್ರೆಯಿರಲೆಂದು, ರಾಜ್ಯಭಾರದ ನಡುವೆಯೇ ಅವರು ಟ್ರಿನಿಡಾಡ್ ಮತ್ತು ಟೊಬೇಗೊ ಜನತೆಯ ಇತಿಹಾಸವನ್ನು ಬರೆದು ಮುಗಿಸಿದ್ದರು. ಅವರ ಆಡಳಿತವು ವಿರೋಧರಹಿತವಾಗಿರಲಿಲ್ಲ. 1970ರಲ್ಲಿ ಯುವಜನರ ಆಕ್ರೋಶವನ್ನೂ ಎದುರಿಸಬೇಕಾಯಿತು. 1981ರ ಮಾರ್ಚ್ 29ರಂದು, ಪ್ರಧಾನಮಂತ್ರಿ ಪದವಿಯಲ್ಲಿರುವಾಗಲೇ ಅವರು ನಿಧನರಾದರು.

ಆ ಕಡತಗಳನ್ನು ಬರೆಸಿದವರು ಆಳುವವರು; ತಮ್ಮ ಆಡಳಿತದ ಅನುಕೂಲಕ್ಕಾಗಿ ಅವನ್ನು ಜೋಪಾನವಾಗಿಟ್ಟವರೂ ಅವರೇ. ಆಳಿಸಿಕೊಂಡ ನಾಡಿನ ಗುಮಾಸ್ತರೊಬ್ಬರ ಮಗ ಅವುಗಳನ್ನು ಓದಿ, ಸಾಕ್ಷ್ಯವನ್ನು ತನ್ನ ಜನರ ಮುಂದಿರಿಸಿದುದು ವಿದ್ಯೆಯ ಬಲದಿಂದ.