ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಸವೆದ ಮಂಡಿ ಮತ್ತೆ ಬೆಳೆಯುತ್ತದೆಯೇ? ಈ ಕೋಶಗಳನ್ನು ಕಂಡುಹಿಡಿದ ವಿಜ್ಞಾನಿಯ ಕಥೆ ಓದಿ

ಆಪರೇಷನ್ ಬೇಡ, ಒಂದೇ ಒಂದು ಸ್ಟೆಮ್ ಸೆಲ್ ಇಂಜೆಕ್ಷನ್ ಸಾಕು, ಸವೆದ ಮಂಡಿ ಮೊದಲಿನಂತಾಗುತ್ತದೆ ಎನ್ನುವ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದನ್ನು ಫಾರ್ವರ್ಡ್ ಮಾಡುವ ಮುನ್ನ, ಈ ಕೋಶಗಳನ್ನು ಜಗತ್ತಿಗೆ ತೋರಿಸಿಕೊಟ್ಟ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಅವರ ಬಗ್ಗೆ ತಿಳಿಯೋಣ. ಅವರು ಏನನ್ನು ಸಾಬೀತು ಮಾಡಿದರು ಎಂಬುದು ಗೊತ್ತಾದರೆ, ಇಂಥ ಸಂದೇಶದಲ್ಲಿ ಎಷ್ಟು ಕಾಳು, ಎಷ್ಟು ಜೊಳ್ಳು ಎಂದು ನಾವೇ ಹೇಳಬಹುದು.

ಯಾರು ಈ ಫ್ರೀಡೆನ್‌ಸ್ಟೈನ್?

ಅವರು 1924ರಲ್ಲಿ ಹುಟ್ಟಿದ ಸೋವಿಯತ್ ವಿಜ್ಞಾನಿ. ಕೆಲಸ ಮಾಡಿದ್ದು ಮಾಸ್ಕೋದ ಗಮಲೇಯಾ ಸಂಸ್ಥೆಯಲ್ಲಿ. ಕೋವಿಡ್ ಕಾಲದಲ್ಲಿ ನಾವು ಹೆಸರು ಕೇಳಿದ ಸ್ಪುಟ್ನಿಕ್ ಲಸಿಕೆ ತಯಾರಾಗಿದ್ದು ಇದೇ ಸಂಸ್ಥೆಯಲ್ಲಿ. ಫ್ರೀಡೆನ್‌ಸ್ಟೈನ್ ಅವರನ್ನು ಕಾಡಿದ್ದು ಒಂದು ಸರಳ ಪ್ರಶ್ನೆ: ದೇಹದಲ್ಲಿ ಹೊಸ ಮೂಳೆ ಹುಟ್ಟುವುದು ಯಾವ ಕೋಶಗಳಿಂದ?

ಮೂಳೆಯ ಒಳಗಿನ ಮೆತ್ತನೆಯ ಮಜ್ಜೆಯಲ್ಲಿ ರಕ್ತಕಣಗಳು ತಯಾರಾಗುತ್ತವೆ. 1960ರ ದಶಕದಲ್ಲಿ ಅವರು ಮತ್ತು ಸಹೋದ್ಯೋಗಿಗಳು ಪ್ರಾಣಿಗಳ ಮಜ್ಜೆಯನ್ನು ತೆಗೆದು, ಮೂಳೆಯೇ ಇಲ್ಲದ ಜಾಗದಲ್ಲಿ, ಅಂದರೆ ಮೂತ್ರಪಿಂಡದ ಹೊರಪೊರೆಯ ಕೆಳಗೆ ನೆಟ್ಟರು. ಅಲ್ಲಿ ಪುಟ್ಟ ಮೂಳೆಯೊಂದು ಬೆಳೆಯಿತು! ಆ ಮೂಳೆ ಬಂದಿದ್ದು ನೆಟ್ಟ ಮಜ್ಜೆಯಿಂದ. ಆದರೆ ಅದರೊಳಗೆ ತುಂಬಿಕೊಂಡ ರಕ್ತದ ಕೋಶಗಳು ಬಂದಿದ್ದು, ನೆಡಿಸಿಕೊಂಡ ಪ್ರಾಣಿಯಿಂದ. ಅಂದರೆ ಮಜ್ಜೆಯಲ್ಲಿ ರಕ್ತ ತಯಾರಿಸುವ ಕೋಶಗಳೇ ಬೇರೆ, ಮೂಳೆ ಕಟ್ಟುವ ಕೋಶಗಳೇ ಬೇರೆ.

1970ರಲ್ಲಿ ಅವರ ತಂಡ ಗಿನಿಪಿಗ್‌ನ ಮಜ್ಜೆಯನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದ್ದರ ಬಗ್ಗೆ ಪ್ರಬಂಧ ಪ್ರಕಟಿಸಿತು. ಹೆಚ್ಚಿನ ಕೋಶಗಳು ತೇಲುತ್ತಿದ್ದವು. ಕೆಲವೇ ಕೆಲವು ಪಾತ್ರೆಯ ತಳಕ್ಕೆ ಅಂಟಿಕೊಂಡು, ದಿನ ಕಳೆದಂತೆ ಗುಂಪು ಗುಂಪಾಗಿ ಹರಡಿದವು. ಒಂದೊಂದು ಗುಂಪೂ ಒಂದೇ ಕೋಶದಿಂದ ಹುಟ್ಟಿದ್ದು. ಮಜ್ಜೆಯ 10,000ದಿಂದ 1,00,000 ಕೋಶಗಳಲ್ಲಿ ಇಂಥದ್ದು ಸಿಗುವುದು ಸುಮಾರು ಒಂದು ಮಾತ್ರ.

ಪಾತ್ರೆಯಲ್ಲಿ ಬೆಳೆದ ಮಾತ್ರಕ್ಕೆ ಅವರಿಗೆ ಸಮಾಧಾನವಿರಲಿಲ್ಲ. ಆ ಕೋಶಗಳನ್ನು ಮತ್ತೆ ಪ್ರಾಣಿಯ ದೇಹದಲ್ಲಿಟ್ಟು, ನಿಜವಾಗಿಯೂ ಮೂಳೆ ಕಟ್ಟುತ್ತವೆಯೇ ಎಂದು ಪರೀಕ್ಷಿಸಿದರು. ಇದೇ ಅವರ ವಿಧಾನದ ಜೀವಾಳ. 1980ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಮೌರೀನ್ ಓವನ್ ಅವರ ಜೊತೆಗೂಡಿ ಈ ವಿಚಾರಕ್ಕೆ ಸ್ಪಷ್ಟ ರೂಪ ಕೊಟ್ಟರು. 1997ರಲ್ಲಿ ತೀರಿಕೊಂಡರು.

ಮಂಡಿಗೂ ಇದಕ್ಕೂ ಏನು ಸಂಬಂಧ?

1991ರಲ್ಲಿ ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಈ ಕೋಶಗಳಿಗೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂದು ಹೆಸರಿಟ್ಟರು. ಲ್ಯಾಬ್‌ನಲ್ಲಿ ಇವು ಮೂಳೆ, ಕೊಬ್ಬು ಮಾತ್ರವಲ್ಲ, ಮೃದ್ವಸ್ಥಿಯ ಕೋಶಗಳಾಗಿಯೂ ಬದಲಾಗಬಲ್ಲವು ಎಂದು 1999ರಲ್ಲಿ ಇನ್ನೊಂದು ತಂಡ ತೋರಿಸಿತು. ಮಂಡಿಯಲ್ಲಿ ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಪದರವೇ ಮೃದ್ವಸ್ಥಿ. ಅದಕ್ಕೆ ರಕ್ತನಾಳಗಳಿಲ್ಲ. ಹಾಗಾಗಿ ಒಮ್ಮೆ ಸವೆದರೆ ತಾನಾಗಿ ಸರಿಹೋಗುವುದು ಬಲು ಕಷ್ಟ. ಆಸೆ ಹುಟ್ಟಿದ್ದು ಇಲ್ಲಿಂದ. ಆದರೆ ಅದೇ ಕ್ಯಾಪ್ಲನ್ 2017ರಲ್ಲಿ, ಈ ಹೆಸರನ್ನೇ ಬದಲಿಸಬೇಕು ಎಂದು ಬರೆದರು. ಈ ಕೋಶಗಳು ತಾವೇ ಹೊಸ ಅಂಗಾಂಶವಾಗುವುದಿಲ್ಲ, ಸುತ್ತಲಿನ ಕೋಶಗಳಿಗೆ ರಾಸಾಯನಿಕ ಸೂಚನೆ ಕೊಡುತ್ತವೆ ಎಂಬುದು ಅವರ ವಾದ.

ಪರೀಕ್ಷೆಗಳು ಏನು ಹೇಳುತ್ತವೆ?

ಅಮೆರಿಕದಲ್ಲಿ ಮಂಡಿ ಸವೆತದ ಸುಮಾರು 480 ಜನರ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಬಂತು. ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಮಾಮೂಲಿ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿ ನೋಡಿದರು. ಒಂದು ವರ್ಷದ ನಂತರ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲು ಎನಿಸಲಿಲ್ಲ. ಎಂಆರ್‌ಐನಲ್ಲೂ ಮಂಡಿ ಹೊಸದಾದ ಗುರುತು ಕಾಣಲಿಲ್ಲ.

ಹಾಗಾದರೆ ಎಲ್ಲವೂ ಸುಳ್ಳೇ? ಹಾಗೂ ಹೇಳಲಾಗದು. ಬೆಂಗಳೂರಿನ ಕಂಪನಿಯೊಂದು ದಾನಿಗಳ ಮಜ್ಜೆಯಿಂದ ತಯಾರಿಸಿದ ಇಂಥ ಒಂದು ಇಂಜೆಕ್ಷನ್‌ಗೆ, ಭಾರತದಲ್ಲೇ ಪರೀಕ್ಷೆ ನಡೆದ ಮೇಲೆ, 2022ರಲ್ಲಿ ದೇಶದ ಔಷಧ ನಿಯಂತ್ರಕರು ಅನುಮತಿ ಕೊಟ್ಟಿದ್ದಾರೆ. ಆ ಅನುಮತಿ ಆ ಒಂದು ಔಷಧಕ್ಕೆ ಮಾತ್ರ. ಸ್ಟೆಮ್ ಸೆಲ್ ಎಂದು ಬೋರ್ಡ್ ಹಾಕಿಕೊಂಡ ಎಲ್ಲರಿಗೂ ಅಲ್ಲ.

ನಾವು ಏನು ಮಾಡಬೇಕು?

ಅಮ್ಮನ ಮಂಡಿನೋವಿಗೆ ಉಳಿತಾಯದ ಹಣವನ್ನೆಲ್ಲ ಸುರಿಯುವ ಮುನ್ನ ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಿ. ಈ ಔಷಧಕ್ಕೆ ಅನುಮತಿ ಇದೆಯೇ? ನಮ್ಮ ಮಂಡಿಯ ಸವೆತ ಇರುವ ಹಂತದಲ್ಲಿ ಇದನ್ನು ಪರೀಕ್ಷಿಸಿದ್ದಾರೆಯೇ? ಸಿಗುವುದು ನೋವಿನಿಂದ ಬಿಡುಗಡೆಯೋ, ಹೊಸ ಮೃದ್ವಸ್ಥಿಯೋ? ತೂಕ ಹೆಚ್ಚಿದ್ದರೆ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಕೊಡುವುದು ಇವತ್ತಿಗೂ ಮೊದಲ ಚಿಕಿತ್ಸೆ. ಒಂದು ಕಿಲೋ ತೂಕ ಇಳಿದರೆ, ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಕಡಿಮೆಯಾಗುತ್ತದೆ.

ತಾವೇ ಬೆಳೆಸಿದ ಕೋಶಗಳನ್ನೂ ಫ್ರೀಡೆನ್‌ಸ್ಟೈನ್ ದೇಹದೊಳಗಿಟ್ಟು ಪರೀಕ್ಷಿಸದೆ ನಂಬಲಿಲ್ಲ. ಅವರ ಹೆಸರೂ ಇಲ್ಲದ ಫಾರ್ವರ್ಡ್ ಒಂದನ್ನು ನಾವು ಪರೀಕ್ಷಿಸದೆ ಯಾಕೆ ನಂಬಬೇಕು?