ತಲೆಸುತ್ತಿನ ಗುಟ್ಟನ್ನರಿತ ರಾಬರ್ಟ್ ಬಾರಾನಿ

ಆಟದ ಅಂಗಳದಲ್ಲಿ ಗರಗರನೆ ಸುತ್ತಿ ಥಟ್ಟನೆ ನಿಂತರೆ ನೆಲವೇ ತಿರುಗಿದಂತಾಗುವುದನ್ನು ನೀವೆಲ್ಲರೂ ಬಲ್ಲಿರಿ. ಆಗ ಗೆಳೆಯನ ಕಣ್ಣುಗಳನ್ನು ದಿಟ್ಟಿಸಿ ನೋಡಿರಿ. ಅವು ಒಂದು ಕಡೆಗೆ ಮೆಲ್ಲನೆ ಸರಿದು, ಮತ್ತೆ ಚಟಕ್ಕನೆ ಹಿಂದಕ್ಕೆ ಜಿಗಿಯುತ್ತಿರುವುವು. ಈ ಕುಣಿತದ ಮೂಲವಿರುವುದು ಒಳಕಿವಿಯಲ್ಲಿ. ಅಲ್ಲಿಯ ಮೂರು ಅರ್ಧವೃತ್ತ ನಾಳಗಳೊಳಗಿನ ದ್ರವವು ಅಲುಗಿದರೆ ಆ ಸುದ್ದಿಯು ಮಿದುಳಿಗೂ ಕಣ್ಣಿನ ಸ್ನಾಯುಗಳಿಗೂ ಮುಟ್ಟುವುದು. ರೋಗಿಗಳಲ್ಲಿ ಇದನ್ನು ಸುಲಭವಾಗಿ ಪರೀಕ್ಷಿಸುವ ದಾರಿ ತೋರಿದವನು ರಾಬರ್ಟ್ ಬಾರಾನಿ.

ಅವನು ಹುಟ್ಟಿದುದು 1876ರ ಏಪ್ರಿಲ್ 22ರಂದು, ವಿಯೆನ್ನಾ ನಗರದಲ್ಲಿ. ಎಳವೆಯಲ್ಲಿಯೇ ಎಲುಬಿನ ಕ್ಷಯ ತಗಲಿ ಒಂದು ಮೊಣಕಾಲು ಬಿಗಿದುಹೋಯಿತು. ಆದರೂ ಅವನು ಟೆನಿಸ್ ಆಡಿದನು, ಬೆಟ್ಟಗಳನ್ನು ಹತ್ತಿದನು. 1900ರಲ್ಲಿ ವೈದ್ಯಪದವಿ ಪಡೆದು, ಮುಂದೆ ಆಡಮ್ ಪೊಲಿಟ್ಸರನ ಕಿವಿ ಚಿಕಿತ್ಸಾಲಯವನ್ನು ಸೇರಿದನು.

ಅಲ್ಲಿ ರೋಗಿಗಳ ಕಿವಿಯನ್ನು ಪಿಚಕಾರಿಯ ನೀರಿನಿಂದ ತೊಳೆಯುವಾಗ ಹಲವರು ತಲೆಸುತ್ತುವುದೆಂದು ದೂರುತ್ತಿದ್ದರು. ಅವರ ಕಣ್ಣುಗಳು ಜಿಗಿಯುವುದನ್ನು ಬಾರಾನಿ ಕಂಡನಾದರೂ ಕಾರಣ ಹೊಳೆಯಲಿಲ್ಲ. ಒಮ್ಮೆ ಒಬ್ಬ ರೋಗಿ, ನೀರು ಸಾಕಷ್ಟು ಬೆಚ್ಚಗಿಲ್ಲದಿದ್ದರೆ ಮಾತ್ರ ತನಗೆ ಹಾಗಾಗುವುದೆಂದು ಹೇಳಿದನು. ಸರಿ, ನೀರು ಕಾಯಿಸಿದರು. ಅದು ಅತಿಯಾಗಿ ಕಾದುಬಿಟ್ಟಿತು. ರೋಗಿ ಚೀರಿದನು, ತಲೆಯೂ ಸುತ್ತಿತು. ಆದರೆ ಈ ಸಲ ಕಣ್ಣುಗಳು ಜಿಗಿದುದು ತದ್ವಿರುದ್ಧ ದಿಕ್ಕಿಗೆ!

ಬಾರಾನಿಗೆ ತನ್ನ ಬಾಲ್ಯದ ಬಚ್ಚಲುಮನೆಯ ನೀರಿನ ಹಂಡೆ ನೆನಪಾಯಿತು. ಬಿಸಿನೀರು ಮೇಲೇರುವುದು, ತಣ್ಣೀರು ಕೆಳಗಿಳಿಯುವುದು. (ನಗರದ ನಲ್ಲಿಯ ಮಕ್ಕಳು ಊರಿಗೆ ಹೋದಾಗ ಅಜ್ಜಿಯನ್ನು ಕೇಳಿರಿ.) ಒಳಕಿವಿಯ ದ್ರವವೂ ಹೀಗೆಯೇ ಹರಿಯುವುದಾದರೆ, ತಲೆಯನ್ನು ಮೇಲುಕೆಳಗು ಮಾಡಿದಾಗ ಕಣ್ಣಿನ ಜಿಗಿತದ ದಿಕ್ಕೂ ಬದಲಾಗಬೇಕಲ್ಲವೇ? ಮಾಡಿ ನೋಡಿದನು, ಬದಲಾಯಿತು.

ಕಿವಿಯ ಕೀವು ಮಿದುಳಿಗೆ ಹಬ್ಬಿ ಜನರು ಸಾಯುತ್ತಿದ್ದ ಕಾಲವದು. ನೀರು ಹಾಕಿದರೂ ಕಣ್ಣು ಜಿಗಿಯದಿದ್ದರೆ ಒಳಕಿವಿ ಕೆಟ್ಟಿರಬೇಕೆಂದು ವೈದ್ಯರು ಇನ್ನು ಊಹಿಸಬಹುದಾಯಿತು.

ಮಹಾಯುದ್ಧ ಬಂದಿತು. ಬಿಗಿದ ಕಾಲಿನ ಬಾರಾನಿ ತಾನಾಗಿಯೇ ಸೈನ್ಯದ ವೈದ್ಯನಾದನು. ತಲೆಯ ಗುಂಡೇಟುಗಳ ಚಿಕಿತ್ಸೆಯಲ್ಲಿ ಅವನಿಗೆ ಆಸಕ್ತಿಯಿತ್ತು. 1915ರಲ್ಲಿ ಪ್ಷೆಮಿಶಲ್ ಕೋಟೆ ಬಿದ್ದಾಗ ರಷ್ಯನ್ನರ ಸೆರೆಯಾಗಿ, ಮಧ್ಯ ಏಷ್ಯದ ಮೆರ್ವ್ ಶಿಬಿರವನ್ನು ಸೇರಿದನು. ಅಲ್ಲಿ ಮಲೇರಿಯ ಹಿಡಿಯಿತು. 1914ನೆಯ ಸಾಲಿನ ನೊಬೆಲ್ ಬಹುಮಾನ ತನಗೆ ಬಂದಿತೆಂಬ ವಾರ್ತೆಯನ್ನು ಅವನು ಕೇಳಿದುದು ಸೆರೆಯಾಳಾಗಿಯೇ. ಸ್ವೀಡನ್ನಿನ ರಾಜಕುಮಾರ ಕಾರ್ಲನ ಪ್ರಯತ್ನದಿಂದ 1916ರಲ್ಲಿ ಬಿಡುಗಡೆಯಾಯಿತು.

ತವರಿನಲ್ಲಿ ಮಾತ್ರ ಮೆಚ್ಚುಗೆ ಕಾದಿರಲಿಲ್ಲ. ಹಿಂದಿನವರ ಕೆಲಸವನ್ನು ಅವನು ಸರಿಯಾಗಿ ಸ್ಮರಿಸಲಿಲ್ಲವೆಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ನೊಂದು ಸ್ವೀಡನ್ನಿನ ಉಪ್ಸಾಲಕ್ಕೆ ಹೊರಟುಹೋದನು, ಅಲ್ಲಿಯೇ ಪ್ರಾಧ್ಯಾಪಕನಾದನು. 1936ರ ಏಪ್ರಿಲ್ 8ರಂದು, ಅರವತ್ತು ತುಂಬಲು ಎರಡು ವಾರವಿರುವಾಗ, ತೀರಿಕೊಂಡನು.

ಅವನ ಹಂಡೆಯ ಲೆಕ್ಕ ಪೂರ್ತಿ ಸರಿಯೆಂದು ಹೇಳಲಾಗದು. 1983ರಲ್ಲಿ ಗಗನಯಾತ್ರಿಗಳನ್ನು ಸ್ಪೇಸ್‌ಲ್ಯಾಬಿನಲ್ಲಿ ಪರೀಕ್ಷಿಸಿದರು. ಭಾರವಿಲ್ಲದ ಅಲ್ಲಿ ಬಿಸಿಯದು ಮೇಲೇರದು, ತಣ್ಣನೆಯದು ಕೆಳಗಿಳಿಯದು. ಆದರೂ ಅವರ ಕಣ್ಣುಗಳು ಜಿಗಿದವು.